ಅಂಗಳದ ಎಣ್ಣೆಕಲೆ

ಭಾವ, ಅಂಜನಾಪುರದ ಏರಿಯ ಮೇಲೆ ಆ ದಿನ ಜೀಪು ಕೆಟ್ಟದ್ದು ನನ್ನಿಂದ. ಗೊತ್ತಿದ್ದೂ ಗೊತ್ತಿದ್ದೂ ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ. ಈ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಏಳು ವರ್ಷ ಹೊಸಬಾಳೆಯ ನಿಮ್ಮ ಮನೆಯಲ್ಲಿ ಉಂಡಿದ್ದೇನೆ, ಅಕ್ಕ ಬಡಿಸಿದ್ದನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದೇನೆ. ಈಗ ಬರೆಯುತ್ತಿದ್ದೇನೆ. ನೀವು ಬೈದರೆ ತಡೆದುಕೊಂಡೇನು — ಬೈಯದೆ ಸುಮ್ಮನೆ ಮುಖ ನೋಡಿಬಿಟ್ಟರೆ?

ನನ್ನ ಬಡಾಯಿ ನಿಮಗೆ ಗೊತ್ತಲ್ಲ. ಹಳೇ ಜೀಪು, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ, ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ, ಒಂದು ಹನಿ ಎಣ್ಣೆ ಚೆಲ್ಲುವುದಿಲ್ಲ — ಶಿಕಾರಿಪುರದಲ್ಲಿ ಇದನ್ನು ಕೇಳದ ಕಿವಿ ಇರಲಿಲ್ಲ. ಅದು ಚೆಲ್ಲತೊಡಗಿದಾಗ ನಾನು ಯಾರಿಗೂ ಹೇಳಲಿಲ್ಲ. ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ಲಿನ ದಪ್ಪ ಗುಂಡು ಇದೆಯಲ್ಲ, ಅದರ ಬಾಯಿಯಿಂದ ಎಣ್ಣೆ ಒಸರುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಬೆರಳಿನಿಂದ ಮುಟ್ಟಿ, ಮೂಸಿ ನೋಡಿ ಹೇಳಿದ: "ಸೀಲ್ ಹೋಗೈತ್ರಿ. ಎಣ್ಣಿ ಖಾಲಿ ಆದ್ರ ಒಳಗ ಗೇರಿನ ಹಲ್ಲು ಸುಟ್ಟು ಚಕ್ರ ಕಚ್ಕೊಂಡ್ ನಿಲ್ತಾವ. ಎಂಟು ದಿನ ತಡೀರಿ, ಹೊಸಾದು ತರಿಸ್ತೀನಿ."

ನೀವು ಬರುವುದು ಮರುದಿನವಿತ್ತು. ಜೀಪು ನಿಮಗೇ ಕೊಡುವುದೆಂದು ಮಾತಾಗಿತ್ತು. ನಿಮ್ಮದೊಂದು ಕ್ರಮ ಇತ್ತಲ್ಲ, ಭಾವ — ಹಸು ಕೊಳ್ಳುವವ ಹಾಲು ಕರೆದು ನೋಡಬೇಕು, ಗಾಡಿ ಕೊಳ್ಳುವವ ಬೆಳಿಗ್ಗೆ ಅದು ನಿಂತ ನೆಲ ನೋಡಬೇಕು ಅಂತ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ತಟ್ಟೆಯಗಲದ ಕಪ್ಪು ಕಲೆ. ಎಂಟು ದಿನ ತಡೆಯಿರಿ ಅಂದಿದ್ದರೆ ಮುಗಿದಿತ್ತು. ಆದರೆ ಒಂದು ಹನಿ ಚೆಲ್ಲುವುದಿಲ್ಲ ಅಂದ ಬಾಯಿ ಅದು. ಜೀಪನ್ನು ಮುಂದಕ್ಕೆ ತಳ್ಳಿ, ಸಗಣಿ ಕದಡಿ, ನಾನೇ ಕೂತು ಅಂಗಳ ಸಾರಿಸಿದೆ. ಗುಂಡನ್ನು ಡೀಸೆಲ್ ಬಟ್ಟೆಯಿಂದ ಒರೆಸಿದೆ. ಗಂಡಸು ಅಂಗಳ ಸಾರಿಸುವುದನ್ನು ಕಂಡು ನನ್ನ ಹೆಂಡತಿ ಗಿರಿಜೆಗೆ ನಗುವೋ ನಗು. "ಸೂರ್ಯ ಯಾವ ಕಡಿ ಹುಟ್ಟ್ಯಾನ್ರಿ ಇವತ್ತು?" ಅಂದಳು. ನಗುತ್ತಲೇ ಅದರ ಮೇಲೆ ರಂಗೋಲಿ ಎಳೆದಳು. ಅವಳಿಗೂ ಇದು ಇವತ್ತಿನವರೆಗೆ ಗೊತ್ತಿಲ್ಲ.

ಅಂಗಳ ಒಣಗಿದ ಮೇಲೆ ಜೀಪನ್ನು ಮತ್ತೆ ಹಿಂದಕ್ಕೆ ತಳ್ಳಿ ನಿಲ್ಲಿಸಿದೆ. ನೀವು ಬಂದವರೇ ಮೊಣಕಾಲೂರಿ ಕೆಳಗೆ ಬಗ್ಗಿ ನೋಡಿದಿರಿ. "ಒಂದು ಹನೀನೂ ಇಲ್ವಲ್ಲ ಮಾರಾಯ!" ಅಂದು ನನ್ನ ಬೆನ್ನು ತಟ್ಟಿದಿರಿ. ಆ ಏಟು ಈಗಲೂ ಬೆನ್ನಿನ ಮೇಲೆ ಇದೆ.

ಅವತ್ತೇ ದುಡ್ಡು ಕೊಟ್ಟು ಜೀಪು ಒಯ್ದಿರಿ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಅನ್ನುವುದು ಬರಲೇ ಇಲ್ಲ. ತಿಂಗಳು ಕಳೆದು ನೀವು ಅದೇ ಜೀಪಿನಲ್ಲಿ ಮಗಳು ಸುಮಳನ್ನೂ ಅವಳ ಆರು ತಿಂಗಳ ಕೂಸನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಿರಿ. ಸುಮಳಿಗೆ ಅಂಜನಾಪುರದ ಡ್ಯಾಂ ನೋಡಬೇಕಿತ್ತು. ಹೊರಟೆವು. ನಾನು ನಿಮ್ಮ ಪಕ್ಕ ಕೂತಿದ್ದೆ, ಅವರಿಬ್ಬರು ಹಿಂದೆ.

ಊರು ದಾಟುವ ಮೊದಲೇ ಕೇಳಿಸಿತು — ಹಿಂದಿನಿಂದ ಗುಂಯ್ ಎನ್ನುವ ಸದ್ದು. ನೀವೂ ಕೇಳಿದಿರಿ. "ಏನೋ ಕೂಗ್ತದಲ್ಲ ಶೇಖರ?" ಅಂದಿರಿ. ಹಳೇ ಗಾಡಿ, ಹಾಗೇ, ಅಂದೆ. ಏರಿ ಹತ್ತುವಾಗ ಸುಟ್ಟ ಎಣ್ಣೆಯ ವಾಸನೆ ಬಂತು. ಮೇಸ್ತ್ರಿಯ ಮಾತು ನೆನಪಾಯಿತು. ಒಂದು ಕಡೆ ತುಂಬಿದ ನೀರು, ಇನ್ನೊಂದು ಕಡೆ ಇಳಿಜಾರು, ಹಿಂದೆ ಕೂಸು ಏನೋ ಗುನುಗುತ್ತಿತ್ತು. ನಿಲ್ಲಿಸಿ ಭಾವ — ಎರಡೇ ಮಾತು. ನಿಲ್ಲಿಸಿದರೆ ಯಾಕೆಂದು ಕೇಳುತ್ತೀರಿ, ಕೇಳಿದರೆ ಹೇಳಬೇಕು. ಏರಿಯ ತುದಿ ಕಾಣುತ್ತಿತ್ತು. ಅಲ್ಲಿಯವರೆಗೆ ಸಾಕು ದೇವರೇ, ಅಲ್ಲಿಯವರೆಗೆ ಸಾಕು ಎಂದು ಕಂಬಿ ಹಿಡಿದುಕೊಂಡು ಕೂತೆ. ಒಂದು ಕೂಸಿನ ಜೀವವನ್ನು ನನ್ನ ಮಾನದ ಎದುರು ಇಟ್ಟು ತೂಗುತ್ತಾ ಕೂತಿದ್ದೆ, ಭಾವ.

ಕಟಕ್ ಅಂತು. ಹಿಂದಿನ ಚಕ್ರಗಳು ಕಚ್ಚಿಕೊಂಡವು. ಜೀಪು ಅಡ್ಡಡ್ಡ ಜಾರಿ ನೀರಿನ ಕಡೆಗೆ ತಿರುಗಿತು. ಅಂಚಿನ ಕಲ್ಲೊಂದು ಮುಂದಿನ ಚಕ್ರಕ್ಕೆ ಸಿಕ್ಕಿದ್ದರಿಂದ ನಾವು ಇವತ್ತು ಇದ್ದೇವೆ. ಕೂಸಿನ ಸದ್ದಿಲ್ಲ. ಹಿಂದೆ ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಅದು ಅತ್ತಿತು. ಸುಮಳ ಹಣೆ ಒಡೆದಿತ್ತು.

ಎಲ್ಲರೂ ಇಳಿದು ನಿಂತಾಗ, ನೀವು ನಡುಗುತ್ತಿದ್ದಾಗ, ನಾನು ಬಾಯಿ ಬಿಟ್ಟೆ. "ಭಾವ, ಡಾಂಬರ್ ರೋಡ್‌ನಾಗೆ ಫೋರ್ ವೀಲ್ ಹಾಕಿದ್ರಾ?" ಅಂದೆ. ಕೆಸರಿಗೆ ಮಾತ್ರ ಹಾಕಬೇಕಾದ ಆ ಸಣ್ಣ ಲಿವರನ್ನು ಒಣ ರಸ್ತೆಯಲ್ಲಿ ಹಾಕಿ ಓಡಿಸಿದರೆ ಒಳಗಿನ ಹಲ್ಲು ಮುರಿಯುತ್ತದೆಂದು ನಿಮಗೆ ನಾನೇ ಕಲಿಸಿದ್ದೆ.

"ಇಲ್ಲಪ್ಪ, ನಾ ಹಾಕಿಲ್ಲ," ಅಂದಿರಿ ಮೊದಲು. ಸುಮಳ ಹಣೆಯ ರಕ್ತ ನೋಡಿದಿರಿ. ಆಮೇಲೆ ದನಿ ಇಳಿಯಿತು. "ಹಾಕಿದ್ನೇನೋ... ನೆನಪಾಗ್ತಿಲ್ಲ ಮಾರಾಯ. ನೀ ಕೊಟ್ಟ ಗಾಡಿ ಹಾಳು ಮಾಡ್ಬಿಟ್ನಲ್ಲ."

ನೀವು ನನ್ನ ಕ್ಷಮೆ ಕೇಳಿದಿರಿ. ಹೋಗಲಿ ಬಿಡಿ ಭಾವ, ಅಂದೆ ನಾನು — ದೊಡ್ಡ ಮನುಷ್ಯನ ಹಾಗೆ. ರಿಪೇರಿ ನಾನೇ ಮಾಡಿಸುತ್ತೇನೆ ಅಂದು, ಮೇಸ್ತ್ರಿಯ ಕಣ್ಣಿಗೆ ಬೀಳಬಾರದೆಂದು ಜೀಪನ್ನು ಬೇರೆ ಊರಿಗೆ ಎಳೆಸಿಕೊಂಡು ಹೋದೆ. ಗುಂಡು ಬಿಚ್ಚಿದರೆ ಒಳಗೆ ಒಂದು ಚಮಚ ಎಣ್ಣೆಯೂ ಇರಲಿಲ್ಲ.

ಆಮೇಲೆ ನೀವು ಸ್ಟೇರಿಂಗ್ ಮುಟ್ಟಲಿಲ್ಲ. ಗೇಟು ಹಾಕಿದ್ದೀನಾ, ಪಂಪ್‌ಸೆಟ್ ಆರಿಸಿದ್ದೀನಾ ಎಂದು ಎರಡೆರಡು ಸಲ ಹೋಗಿ ನೋಡತೊಡಗಿದಿರಿ. ಮೊಮ್ಮಗಳನ್ನು ಎತ್ತಿಕೊಳ್ಳಲೂ ಅಂಜಿದಿರಿ. ನೋಡುತ್ತಾ ಇದ್ದೆ ನಾನು.

ನಿನ್ನೆ ಸುಮ ಫೋನ್ ಮಾಡಿದಳು. "ಮಾವ, ಅಪ್ಪಂಗೆ ಮರೆವಿನ ಕಾಯ್ಲೆ ಅಂತ ಕಾಣ್ತದೆ. ನಾಳಿದ್ದು ಡಾಕ್ಟ್ರಿಗೆ ತೋರಿಸ್ಬೇಕು. ಜೀಪಿನ ದಿನದಿಂದ್ಲೇ ಶುರುವಾಗಿದ್ದಲ್ವಾ? ನೀವು ಪಕ್ಕದಲ್ಲೇ ಕೂತಿದ್ರಲ್ಲ, ಬಂದು ಹೇಳ್ಬೇಕು." ಬರುತ್ತೇನೆ ಅಂದೆ. ಫೋನ್ ಇಟ್ಟು ಕಾಗದ ಹುಡುಕಿದೆ.

ಬರುತ್ತೇನೆ, ಭಾವ. ಮೊದಲು ನಿಮ್ಮ ಅಂಗಳದಲ್ಲಿ ನಿಮ್ಮೆದುರು, ಅಕ್ಕ ಮತ್ತು ಸುಮಳ ಎದುರು ಈ ಕಾಗದವನ್ನು ನಾನೇ ಓದುತ್ತೇನೆ. ಆಮೇಲೆ ಡಾಕ್ಟರ ಎದುರು. ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ನಿಮ್ಮ ಮನೆಯ ಬಾಗಿಲು ನನಗೆ ಅಲ್ಲಿಗೇ ಮುಚ್ಚಿದರೆ ಮುಚ್ಚಲಿ.

ಆ ಸಣ್ಣ ಲಿವರ್ ನನ್ನ ಮೊಣಕಾಲಿನ ಪಕ್ಕದಲ್ಲೇ ಇತ್ತು. ದಾರಿಯುದ್ದಕ್ಕೂ ಟೂ ವೀಲ್‌ನಲ್ಲೇ ಇತ್ತು. ಇಲ್ಲಪ್ಪ, ನಾ ಹಾಕಿಲ್ಲ ಅಂದಿರಲ್ಲ — ನಿಮಗೆ ಸರಿಯಾಗಿಯೇ ನೆನಪಿತ್ತು, ಭಾವ.