ಅಕ್ಕನ ಕತ್ತಿ, ಅಪ್ಪನ ಪೊರಕೆ

ನಾನು ಚಿಕ್ಕವನಿದ್ದಾಗಿನ ಒಂದು ಭಾನುವಾರ. ಜನವರಿ ತಿಂಗಳು, ಬೆಳಿಗ್ಗೆ ಏಳು ಗಂಟೆ. ಸ್ಥಳ, ಭದ್ರಾವತಿಯ ನಮ್ಮ ಕ್ವಾರ್ಟರ್ಸಿನ ಹಿತ್ತಿಲು. ಹಾಜರಿದ್ದವರು ಅಪ್ಪ, ಅಕ್ಕ ಮತ್ತು ನಾನು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಅರ್ಧ ಹಾಜರಿದ್ದಳು. ಹೊತ್ತು, ಸ್ಥಳ, ಹಾಜರಿ ಹೇಳದೆ ಅಜ್ಜನಿಗೆ ಕಥೆ ಶುರುಮಾಡಲು ಬರುವುದಿಲ್ಲ ಎಂದು ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಕಾರ್ಖಾನೆಯ ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಉಂಡು ಬೆಳೆದವನು ನಾನು. ಆ ಅಭ್ಯಾಸ ಈಗ ಬಿಡು ಎಂದರೆ ಬಿಡುವುದಿಲ್ಲ.

ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಮಾದರಿ ಮಾಡುವವರು. ಕರಗಿದ ಕಬ್ಬಿಣವನ್ನು ಸುರಿಯುವುದಕ್ಕೆ ಮರಳಿನಲ್ಲಿ ಅಚ್ಚು ಬೇಕು. ಆ ಅಚ್ಚು ಮೂಡಿಸುವುದಕ್ಕೆ ಮರದ ಮಾದರಿ ಬೇಕು. ಗಾಲಿಯಾಗಲಿ, ಕೊಳವೆಯಾಗಲಿ, ಅದು ಮೊದಲು ಅಪ್ಪನ ಕೈಯಲ್ಲಿ ಮರವಾಗಿ ಹುಟ್ಟುತ್ತಿತ್ತು. ವಾರವಿಡೀ ಆ ಕೆಲಸ. ಭಾನುವಾರ ಮಾತ್ರ ಹಿತ್ತಿಲಿನ ತಗಡಿನ ಮಾಡಿನ ಕೆಳಗೆ ಕೂತು ಹಳೆಯ ಕಾಲದ ಆಯುಧಗಳನ್ನು ಮಾಡುತ್ತಿದ್ದರು. ಕತ್ತಿ, ಗುರಾಣಿ, ಕಠಾರಿ, ಭರ್ಜಿ. ನೋಡಿದರೆ ಯಾವುದೋ ಕೋಟೆಯಿಂದ ಈಗಷ್ಟೇ ಇಳಿಸಿ ತಂದ ಹಾಗೆ ಇರುತ್ತಿದ್ದವು. ಆದರೆ ಎಲ್ಲದರ ಅಂಚೂ ಮೊಂಡು. ನಮ್ಮ ಕಡೆ ಯಾರು ನಾಟಕ ಆಡಿದರೂ ಅಪ್ಪನ ಹಿತ್ತಿಲಿಗೆ ಬಂದೇ ಹೋಗುತ್ತಿದ್ದರು.

ಆ ಭಾನುವಾರದ ಕತ್ತಿ ಮಾತ್ರ ಹೊರಗಿನವರಿಗಲ್ಲ, ಅಕ್ಕನಿಗೆ. ಅದೇ ಸಂಜೆ ಅವಳ ಹೈಸ್ಕೂಲಿನ ವಾರ್ಷಿಕೋತ್ಸವ. ನಾಟಕದಲ್ಲಿ ಅಕ್ಕನದು ರಾಣಿಯ ಪಾತ್ರ. ಕೊನೆಯ ದೃಶ್ಯದಲ್ಲಿ ರಾಣಿ ಒಂದು ಮಾತೂ ಆಡದೆ ಕತ್ತಿಯನ್ನು ಒರೆಗೆ ಸೇರಿಸಬೇಕು. ಯುದ್ಧ ಮುಗಿಯಿತು ಎಂದು ಜನಕ್ಕೆ ತಿಳಿಯುವುದು ಅದರಿಂದಲೇ. ಟೀಚರ್ ಹತ್ತಿರ ರಟ್ಟಿನ ಕತ್ತಿಯೊಂದಿತ್ತು. ಬೆಳ್ಳಿ ಕಾಗದ ಅಂಟಿಸಿದ್ದು, ಒರೆಯಿಲ್ಲದ್ದು. ಮನೆಯ ಕತ್ತಿ ಸಂಜೆಯೊಳಗೆ ಆಗದಿದ್ದರೆ ರಟ್ಟಿನ ಕತ್ತಿಯೇ ಸೈ, ಕೊನೆಯ ದೃಶ್ಯ ಬಿಟ್ಟುಬಿಡೋಣ ಎಂದು ಅವರು ಹೇಳಿಬಿಟ್ಟಿದ್ದರು. ಅಕ್ಕ ಮೂರು ತಿಂಗಳಿಂದ ಕನ್ನಡಿಯ ಮುಂದೆ ಲಟ್ಟಣಿಗೆ ಹಿಡಿದು ಆ ದೃಶ್ಯವನ್ನೇ ಆಡುತ್ತಿದ್ದಳು.

ಮಾದರಿಗೆ ಅಪ್ಪ ಆರಿಸಿಕೊಂಡದ್ದು ಹೊಳೆಹೊನ್ನೂರಿನ ಅಮ್ಮನ ತವರುಮನೆಯ ಕತ್ತಿ. ಯಾವ ಕಾಲದ್ದೋ ಯಾರಿಗೂ ಗೊತ್ತಿಲ್ಲ. ಆಯುಧಪೂಜೆಯ ದಿನ ಮಾತ್ರ ದೇವರ ಕೋಣೆಯಿಂದ ಹೊರಗೆ ಬರುತ್ತಿತ್ತು. ಕೇಳಿದಾಗ ಅಮ್ಮನ ಅಪ್ಪ, "ಕತ್ತಿ ಹೊಸ್ತಿಲು ದಾಟಲ್ಲ ಅಳಿಯಂದ್ರೇ. ಅಳತೆ ಬೇಕಾದ್ರೆ ಎಷ್ಟು ಬೇಕೋ ಅಷ್ಟು ತಗೊಂಡೋಗಿ" ಅಂದಿದ್ದರು. ಅಪ್ಪ ಅಳತೆ ತಂದು ಹಿತ್ತಿಲಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು. ಅಲಗಿನ ಉದ್ದ ಮೂವತ್ತು ಇಂಚು.

ಅಪ್ಪನ ಕೆಲಸಕ್ಕೆ ನಿಯಮಗಳಿದ್ದವು. ಪ್ರತಿಯೊಂದು ಉಪಕರಣಕ್ಕೂ ಗೋಡೆಯ ಮೇಲೆ ಅದರದೇ ಮೊಳೆ. ನೆಲ ಗುಡಿಸುವ ತನಕ ಕೆಲಸ ಮುಗಿದ ಹಾಗಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿತ್ತು: ಅಳತೆ ತಪ್ಪಿದವರು ಆ ದಿನ ಮತ್ತೆ ಉಪಕರಣ ಮುಟ್ಟುವ ಹಾಗಿಲ್ಲ. ಮಾದರಿಯ ಅಳತೆ ತಪ್ಪಿದರೆ ಒಂದು ಕೊಪ್ಪರಿಗೆ ಕಬ್ಬಿಣವೇ ವ್ಯರ್ಥ ಎನ್ನುವ ಜಾಗದಿಂದ ಬಂದ ನಿಯಮ ಅದು. ಅಳತೆ ತಪ್ಪಿತೆಂದರೆ ಅವತ್ತು ಮನಸ್ಸು ಕೈಯಲ್ಲಿಲ್ಲ ಎಂದರ್ಥ, ಅಂಥ ದಿನ ಉಳಿ ಹಿಡಿಯುವುದು ಬೇಡ ಎನ್ನುತ್ತಿದ್ದರು.

ಅಷ್ಟು ದಿನವೂ ಅಕ್ಕ ಅಪ್ಪನ ಪಕ್ಕದಲ್ಲಿ ಕೂತು, ಅವರು ಗುರುತು ಹಾಕಿಕೊಟ್ಟಲ್ಲಿ ಕೊಯ್ದು, ಕೆತ್ತಿ ಅಭ್ಯಾಸ ಮಾಡಿದ್ದಳು. ಸ್ವಂತವಾಗಿ ಅಳೆದಿರಲಿಲ್ಲ. ಅವತ್ತು ಬೆಳಿಗ್ಗೆ ಅಪ್ಪ ಗೋಡೆಯ ಮೇಲಿದ್ದ ಮರದ ಸ್ಕೇಲನ್ನು ತೆಗೆದು ಅವಳ ಕೈಗೆ ಕೊಟ್ಟರು.

"ಒರೆ ಪೂರ್ತಿ ನಿಂದು. ಅಳತೆನೂ ನಿಂದೇ. ನಾನು ಅಲಗು ನೋಡ್ಕೋತೀನಿ."

ಅಕ್ಕನ ಮುಖದಲ್ಲಿ ಅವತ್ತು ಕಂಡ ಬೆಳಕನ್ನು ನಾನು ಆಮೇಲೆ ಅವಳ ಮದುವೆಯ ದಿನವೂ ಕಾಣಲಿಲ್ಲ.

ಕೆಲಸ ಶುರುವಾಯಿತು. ಅಪ್ಪ ಉಕ್ಕಿನ ಪಟ್ಟಿಗೆ ಅರ ಹಾಕುವ ಕಿರ್ ಕಿರ್ ಸದ್ದು, ಅಕ್ಕನ ಉಳಿಯ ಟಕ್ ಟಕ್ ಸದ್ದು. ಸಣ್ಣ ಒಲೆಯ ಮೇಲೆ ಬಿಸಿಯಾಗುತ್ತಿದ್ದ ಸರೇಸಿನ ವಾಸನೆ ಮೂಗಿಗೆ ಅಡರುತ್ತಿತ್ತು. ಮರ ಅಂಟಿಸುವ ಆ ಗೋಂದಿನ ವಾಸನೆ ನಿಮ್ಮಲ್ಲಿ ಯಾರಿಗೂ ಗೊತ್ತಿರಲಾರದು; ಗೊತ್ತಿಲ್ಲದ್ದಕ್ಕೆ ಸಂತೋಷಪಡಿ. ಸಾಗುವಾನಿಯ ಹಿಡಿಯನ್ನು ಉಪ್ಪುಕಾಗದದಿಂದ ಉಜ್ಜುವುದು ನನ್ನ ಪಾಲಿನ ಕೆಲಸ. ಉಜ್ಜಿ ಕೆನ್ನೆಗೆ ಒತ್ತಿಕೊಂಡು ನೋಡಬೇಕು. ಎಲ್ಲಿ ಚುಚ್ಚುತ್ತದೋ ಅಲ್ಲಿ ಮತ್ತೆ ಉಜ್ಜಬೇಕು. ಅಕ್ಕ ಎರಡು ಸೀಳು ಮರವನ್ನು ಒಳಗಡೆ ತೋಡಿ, ಅಂಟಿಸಿ, ದಾರ ಸುತ್ತಿ ಬಿಸಿಲಿಗಿಟ್ಟಳು. ಅಪ್ಪ ಅಲಗಿಗೆ ಹಿಡಿ ಕೂರಿಸಿ, ರಿವೆಟ್ ಹೊಡೆದು ಮುಗಿಸಿದರು.

ಹನ್ನೆರಡರ ಸೈರನ್ ಕೂಗಿದ ಮೇಲೆ ಕತ್ತಿಯನ್ನು ಒರೆಗೆ ಹಾಕಿ ನೋಡಿದೆವು. ಅಲಗು ಸರ್ ಎಂದು ಇಳಿಯಿತು. ಇಳಿದದ್ದು ಕೊನೆಯಲ್ಲಿ ನಿಂತುಬಿಟ್ಟಿತು. ಹಿಡಿಗೂ ಒರೆಯ ಬಾಯಿಗೂ ನಡುವೆ ಅರ್ಧ ಬೆರಳಿನಷ್ಟು ಅಲಗು ಹೊರಗೇ ಉಳಿಯಿತು. ಅಪ್ಪ ತೆಗೆದು ಮತ್ತೆ ಹಾಕಿದರು. ಅಷ್ಟೇ.

"ಒರೆ ಗಿಡ್ಡ ಆಗಿದೆ," ಅಂದರು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಾಸಿಯಿತ್ತು. "ಅಳತೆ ತಪ್ಪಿದೀಯ. ಉಳಿ ಮೊಳೆಗೆ ಹಾಕು."

"ಇಲ್ಲಪ್ಪ, ನಾನು ಎರಡ್ಸಲ ಅಳೆದಿದೀನಿ."

"ಹಾಕು ಅಂದೆ."

ಅಕ್ಕ ಉಳಿಯನ್ನು ಮೊಳೆಗೆ ಹಾಕಿದಳು. ಅಳಲಿಲ್ಲ. ಅಮ್ಮ ಬಾಗಿಲಿಂದ, "ಏನ್ರೀ, ಹಬ್ಬದಂಥ ದಿನ ಮಗೂನ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದಳು. ನಿಯಮದ ವಿಷಯಕ್ಕೆ ಅಮ್ಮನೂ ಬರುತ್ತಿರಲಿಲ್ಲ. ಕತ್ತಿ ಅರ್ಧಕ್ಕೆ ನಿಂತಿತು. ನನ್ನ ಕಣ್ಣ ಮುಂದೆ ಬೆಳ್ಳಿ ಕಾಗದದ ರಟ್ಟಿನ ಕತ್ತಿ ಬಂದು ನಿಂತಿತು.

ಅಕ್ಕ ಮೆಲ್ಲಗೆ, "ಅಪ್ಪ, ಇನ್ನೊಂದ್ಸಲ ನೀವೇ ಅಳೀರಿ, ನಾನು ನೋಡ್ತೀನಿ," ಅಂದಳು.

ಅಪ್ಪ ತಮ್ಮ ಪಕ್ಕದಲ್ಲಿದ್ದ ಸ್ಕೇಲಿನಿಂದ ಅಲಗನ್ನು ಅಳೆದರು. ಸರಿಯಾಗಿ ಮೂವತ್ತು. ಅದೇ ಅಲಗನ್ನು ಅಕ್ಕ ತನ್ನ ಸ್ಕೇಲಿನಿಂದ ಅಳೆದಳು. ಮೂವತ್ತು ದಾಟಿ ಅರ್ಧ ಬೆರಳು ಮುಂದೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ಎರಡೂ ಸ್ಕೇಲುಗಳನ್ನು ತುದಿ ಸೇರಿಸಿ ಅಕ್ಕಪಕ್ಕ ಇಟ್ಟರು. ಈ ತುದಿಯಲ್ಲಿ ಗೆರೆಗಳು ಸಮ ಇದ್ದವು. ಆ ತುದಿಗೆ ಹೋಗುವಷ್ಟರಲ್ಲಿ ಅಪ್ಪನ ಸ್ಕೇಲು ಮುಂದಿತ್ತು.

ಅಪ್ಪ ಹಣೆಗೆ ಕೈ ಹಚ್ಚಿಕೊಂಡರು.

ಸಂಗತಿ ಇಷ್ಟು. ಕಾದ ಕಬ್ಬಿಣ ತಣ್ಣಗಾದಾಗ ಕುಗ್ಗುತ್ತದೆ. ಹಾಗಾಗಿ ಮಾದರಿಯನ್ನು ಬೇಕಾದ್ದಕ್ಕಿಂತ ಒಂಚೂರು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವುದು ಬೇಡವೆಂದು ಮಾದರಿ ಮಾಡುವವರ ಸ್ಕೇಲಿನಲ್ಲಿ ಇಂಚುಗಳನ್ನೇ ಸ್ವಲ್ಪ ಉದ್ದಕ್ಕೆ ಕೊರೆದಿರುತ್ತಾರೆ. ಅಂಥದ್ದೊಂದು ನಮ್ಮ ಗೋಡೆಯ ಮೇಲೂ ಸಾದಾ ಸ್ಕೇಲಿನ ಪಕ್ಕದಲ್ಲಿ ನೇತಾಡುತ್ತಿತ್ತು. ಪ್ರತಿ ಭಾನುವಾರ ಅಪ್ಪ ಸಾದಾ ಸ್ಕೇಲನ್ನೇ ಹಿಡಿಯುತ್ತಿದ್ದರು. ಅವತ್ತು ಅದನ್ನು ಅಕ್ಕನಿಗೆ ಕೊಟ್ಟುಬಿಟ್ಟಿದ್ದರು. ವರ್ಷಗಟ್ಟಲೆ ಕಾರ್ಖಾನೆಯಲ್ಲಿ ಪಳಗಿದ ಕೈ ತಾನಾಗಿಯೇ ಇನ್ನೊಂದನ್ನು ಎತ್ತಿಕೊಂಡಿತ್ತು. ಎಂದೂ ಕುಗ್ಗದ ಕತ್ತಿಗೆ ಅಪ್ಪ ಕುಗ್ಗುವ ಜಾಗ ಬಿಟ್ಟಿದ್ದರು.

"ಅಳತೆ ತಪ್ಪಿದ್ದು ನಾನು ಮಗಳೇ," ಅಂದರು ಅಪ್ಪ. "ನಿಂದು ಸರಿಯಾಗಿತ್ತು."

ಎದ್ದು ಹೋಗಿ ಅರವನ್ನು ಅದರ ಮೊಳೆಗೆ ಹಾಕಿದರು. ಸುತ್ತಿಗೆಯನ್ನು ಅದರ ಮೊಳೆಗೆ. ಉಳಿಯನ್ನು ಮೊಳೆಯಿಂದ ತೆಗೆದು ಅಕ್ಕನ ಮುಂದಿಟ್ಟು, ತಾವು ಹೋಗಿ ತುಳಸಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೈ ಕಟ್ಟಿ ಕೂತರು.

ನನಗೆ ಗಾಬರಿಯಾಯಿತು. "ಅಪ್ಪ, ಸಂಜೆಗೆ ನಾಟಕ! ನೀವೇ ತುದಿ ಒಂಚೂರು ಅರ ಹಾಕಿದ್ರೆ ಆಯ್ತಲ್ಲ?"

"ನಿಯಮ ನಿಮಗೆ ಮಾತ್ರ ಅಂತ ಹೇಳಿದ್ನೇನೋ?"

ಅಕ್ಕನಿಗೆ ಉಕ್ಕಿಗೆ ಅರ ಹಾಕುವುದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮರ. ಅವಳು ಒರೆಯನ್ನೂ ಕತ್ತಿಯನ್ನೂ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, "ಅಲಗು ಉದ್ದ ಆಗಿದ್ರೆ ಆಗ್ಲಿ. ಒರೆನೇ ಬೆಳೆಸ್ತೀನಿ," ಅಂದಳು. ಉಳಿದ ಮರದ ತುಂಡಿನಲ್ಲಿ ಅಲಗು ತೂರುವಂಥ, ಅರ್ಧ ಬೆರಳು ದಪ್ಪದ ಒಂದು ಬಳೆಯನ್ನು ಕೊರೆದು, ಒರೆಯ ಬಾಯಿಯ ಮೇಲೆ ಕೂರಿಸಿ ಸರೇಸು ಹಚ್ಚಿದಳು. ಆದರೆ ಅಷ್ಟು ಸಣ್ಣ ತುಂಡು ಬರೀ ಗೋಂದಿನ ಮೇಲೆ ನಿಲ್ಲುವುದಿಲ್ಲ. ಸುತ್ತ ಹಿತ್ತಾಳೆಯ ಪಟ್ಟಿ ಬೇಕಿತ್ತು.

ಪಕ್ಕದ ಮನೆಯ ಚಾಚಾ ತಗಡಿನ ಟ್ರಂಕು ಮಾಡುವವರು. ನಾನು ಓಡಿಹೋಗಿ ಹೇಳಿದೆ. ಅವರು ಹಿತ್ತಾಳೆಯ ಪಟ್ಟಿಯೊಂದನ್ನು ಹಿಡಿದು ಬಂದವರು ಕಲ್ಲಿನ ಮೇಲೆ ಕೂತಿದ್ದ ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ ಮಾರಾಯ್ರೇ, ಮದುವೆಗೆ ಕೂತ ಗಂಡಿನ ಹಂಗೆ ಕೂತಿದೀರಿ?"

"ಇವತ್ತು ನಾನು ಸಸ್ಪೆಂಡ್," ಅಂದರು ಅಪ್ಪ.

"ಯಾ ಅಲ್ಲಾ! ಯಾರು ಮಾಡಿದ್ದು?"

"ನಾನೇ."

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಕ್ಕನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು. "ಕೊಡು ಬೇಟಿ, ಎರಡು ನಿಮಿಷ, ನಾನೇ ಹೊಡೆದುಕೊಡ್ತೀನಿ."

ಅಕ್ಕ ಪಟ್ಟಿಯನ್ನು ಬಿಡಲಿಲ್ಲ. "ಹೆಂಗೆ ಅಂತ ಹೇಳಿ ಚಾಚಾ, ನಾನೇ ಮಾಡ್ತೀನಿ."

"ಹಂಗಾದ್ರೆ ಮೊದಲು ಕೆಂಪಗೆ ಕಾಯಿಸು. ಆಮೇಲೆ ನೀರಿಗೆ ಹಾಕು. ಹಿತ್ತಾಳೆ ಆಗ ನಿನ್ನ ಮಾತು ಕೇಳ್ತದೆ. ನಿಮ್ಮಪ್ಪನ ಹಂಗಲ್ಲ."

ಅಮ್ಮ ಸಾರಿನ ಪಾತ್ರೆ ಇಳಿಸಿ ಒಲೆ ಬಿಟ್ಟುಕೊಟ್ಟಳು. ಅಕ್ಕ ಇಕ್ಕಳದಲ್ಲಿ ಪಟ್ಟಿಯನ್ನು ಹಿಡಿದು ಕಾಯಿಸಿ, ಚೊಂಬಿನ ನೀರಿಗೆ ಅದ್ದಿದಳು. ಚುಂಯ್ ಎಂದಿತು. ಮೆತ್ತಗಾದ ಪಟ್ಟಿಯನ್ನು ಒರೆಯ ಬಾಯಿಗೆ ಸುತ್ತಿ, ಸಣ್ಣ ಮೊಳೆ ಹೊಡೆದಳು. ಉಳಿದ ಮೈಗೆ ಕೆಂಪು ಮಖಮಲ್ಲಿನ ಬಟ್ಟೆ ಅಂಟಿಸಿದಳು. ಕಲ್ಲಿನ ಮೇಲಿದ್ದ ಅಪ್ಪನ ಕೈಬೆರಳುಗಳು ಅವಳ ಸುತ್ತಿಗೆಯ ಏಟಿಗೆ ಸರಿಯಾಗಿ ಮಿಸುಕುತ್ತಿದ್ದವು.

ನಾಲ್ಕು ಗಂಟೆಗೆ ಅಕ್ಕ ಕತ್ತಿಯನ್ನು ಒರೆಗೆ ಹಾಕಿದಳು. ಅಲಗು ಪೂರ್ತಿ ಇಳಿದು, ಹಿಡಿ ಹೋಗಿ ಹಿತ್ತಾಳೆಗೆ ತಾಗಿ ಟಕ್ ಎಂದಿತು. ಮರಕ್ಕೆ ಆ ಸದ್ದು ಬರುತ್ತಿರಲಿಲ್ಲ. ಹೊಳೆಹೊನ್ನೂರಿನ ಹಳೆಯ ಕತ್ತಿಯ ಒರೆಯ ಬಾಯಿಗೂ ಹಿತ್ತಾಳೆ ಇರಲಿಲ್ಲ. ಆದರೂ ನೋಡಿದವರಿಗೆ ಇದೇ ಹಳೆಯದು ಅನ್ನಿಸುವಂತಿತ್ತು.

ಅಪ್ಪ ಆಗ ಎದ್ದರು. ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡರು. "ಇದು ಉಪಕರಣದ ಲೆಕ್ಕಕ್ಕೆ ಬರಲ್ಲ," ಎಂದು ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ಮರದ ಹುಡಿಯನ್ನೆಲ್ಲ ಒಟ್ಟುಮಾಡಿ ಗುಡಿಸಿದರು. ಮಗಳು ಮಾಡಿದ ಕೆಲಸದ ಕಸವನ್ನು ಅಪ್ಪ ಗುಡಿಸುವುದನ್ನು ನಮ್ಮ ಸಾಲಿನ ಮನೆಗಳಲ್ಲಿ ಯಾರೂ ನೋಡಿರಲಿಲ್ಲ. ಅಮ್ಮ ಮಖಮಲ್ಲಿನ ಅಂಚಿನಿಂದ ಎಳೆದ ಕೆಂಪು ದಾರವೊಂದನ್ನು ತಂದು ಕಾರ್ಖಾನೆಯ ಸ್ಕೇಲಿನ ತೂತಿಗೆ ಕಟ್ಟಿದಳು. "ಏನ್ರೀ, ಇನ್ಮೇಲೆ ಕೈಗಾದ್ರೂ ಗೊತ್ತಾಗ್ಲಿ."

ಸಂಜೆ ನಾಟಕದ ಕೊನೆಯಲ್ಲಿ ರಾಣಿ ಮಾತಿಲ್ಲದೆ ನಿಂತಳು. ಮೈದಾನವೂ ಸುಮ್ಮನಾಯಿತು. ಆ ಟಕ್ ಸದ್ದು ಹಿಂದಿನ ಸಾಲಿನ ತನಕ ಕೇಳಿಸಿತು. ನನ್ನ ಪಕ್ಕದಲ್ಲಿ ಅಪ್ಪ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಚಪ್ಪಾಳೆ ಶುರುವಾದದ್ದು ಆಮೇಲೆ.

ಅಕ್ಕ ಮುಂದೆ ಕ್ರಾಫ್ಟ್ ಟೀಚರಾದಳು. ಆ ಕತ್ತಿ ಈಗ ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ನಮ್ಮ ಮನೆಯ ಗೋಡೆಯ ಮೇಲಿದೆ. ಕೆಳಗೆ ಎರಡು ಸ್ಕೇಲು, ಒಂದಕ್ಕೆ ಮಾಸಿದ ಕೆಂಪು ದಾರ. ನನ್ನ ಮೊಮ್ಮಕ್ಕಳಿಗೆ ಸೈರನ್ ಇಲ್ಲ, ಅವರನ್ನು ಎಬ್ಬಿಸುವುದು ಫೋನು. ಕತ್ತಿ ಬೇಕೆಂದರೆ ಫೋನಿನಲ್ಲೇ ಆರಿಸಬಹುದು, ಮರುದಿನ ಬಾಗಿಲಿಗೆ ಬರುತ್ತದೆ. ಅವರ ಗೋಂದಿಗೆ ವಾಸನೆಯೇ ಇಲ್ಲ. ಅದನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ.

ಆದರೂ ಕಳೆದ ಭಾನುವಾರ ಮೊಮ್ಮಗಳು ಶಾಲೆಯ ಕಾರ್ಯಕ್ರಮಕ್ಕೆ ಗುರಾಣಿಯನ್ನು ಮನೆಯಲ್ಲೇ ಮಾಡೋಣ ಅಂದಳು. ಬೆಳಿಗ್ಗೆ ಏಳು ಗಂಟೆಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲೈವುಡ್ ಹರಡಿದೆವು. ಹಾಜರಿದ್ದವರು ಅವಳು, ಅವಳ ತಮ್ಮ ಮತ್ತು ನಾನು. ಕನ್ನಡಕ ಹಾಕದೆ ಗುರುತು ಹಾಕಿದ್ದರಿಂದ ನಾನು ಕೊಯ್ದ ಹಿಡಿಕೆಯ ಪಟ್ಟಿ ಗಿಡ್ಡವಾಯಿತು. ಅವಳು ನನ್ನನ್ನು ನೋಡಿ ಕೈ ಚಾಚಿದಳು.

"ಅಜ್ಜ, ರೂಲ್ ಅಂದ್ರೆ ರೂಲ್. ಗರಗಸ ಕೊಡು."

ಕೊಟ್ಟೆ. ಹೋಗಿ ಮೆಟ್ಟಿಲ ಮೇಲೆ ಕೈ ಕಟ್ಟಿ ಕೂತೆ. ಅಕ್ಕ ತಮ್ಮ ಇಬ್ಬರೂ ಜಗಳವಾಡುತ್ತ, ನಗುತ್ತ, ಹನ್ನೊಂದು ಗಂಟೆಗೆ ಗುರಾಣಿ ಮುಗಿಸಿದರು. ಚೆನ್ನಾಗಿಯೇ ಮಾಡಿದ್ದರು. ನಾನು ಎದ್ದು ಪೊರಕೆ ತೆಗೆದುಕೊಂಡೆ. ಗೋಡೆಯ ಕಡೆಯಿಂದ ಶುರುಮಾಡಿ ಬಾಗಿಲ ತನಕ ಗುಡಿಸಿ, ಮರದ ಹುಡಿಯನ್ನು ಮೊರಕ್ಕೆ ತುಂಬಿ ಹೊರಗೆ ಹಾಕಿದೆ.