ಅಕ್ಕನ ಸೀಮೆಸುಣ್ಣ

ನನ್ನ ಅಕ್ಕನಿಗೆ ಬೈಬಲ್ ಬಾಯಿಪಾಠ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಎದುರಿಗೆ ಕೂತವರ ಕರುಳು ಸುಡುತ್ತಿರುವಾಗ ಒಂದು ವಾಕ್ಯ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಮೊದಲನೆಯವಳು ಇವಳೇ.

ಅಪ್ಪ ತೀರಿಕೊಂಡಾಗ ಟೈಲರ್ ಅಂಗಡಿಯನ್ನು ಹೆಗಲಿಗೆ ಹಾಕಿಕೊಂಡಳು. ತಾನು ಮದುವೆಯಾಗದೆ ನನಗೆ ಮದುವೆ ಮಾಡಿದಳು. ಅದನ್ನು ಇಲ್ಲ ಅನ್ನಲಾರೆ. ಮದುವೆಯಾದ ಮೇಲೂ ನಾನು ಅದೇ ಅಂಗಡಿಯಲ್ಲಿ, ಅವಳ ಪಕ್ಕದ ಹೊಲಿಗೆ ಮಿಷನ್ನಿನಲ್ಲಿ ಕೂತು ಹೊಲಿಯುತ್ತಿದ್ದೆ. ಪ್ರತಿ ಸೋಮವಾರ ಬಟ್ಟೆ ಕತ್ತರಿಸುವ ಮೇಜಿನ ಮೂಲೆಯಲ್ಲಿ, ಗುರುತು ಹಾಕುವ ಸೀಮೆಸುಣ್ಣದಿಂದಲೇ ಬೈಬಲಿನ ಒಂದು ವಾಕ್ಯ ಬರೆಯುತ್ತಾಳೆ. ಮಿಷನ್ ತುಳಿಯುತ್ತ ಅದನ್ನೇ ಗುನುಗಿ, ಬಾಯಿಗೆ ಬಂದ ಮೇಲೆ ಅಂಗೈಯಿಂದ ಒರೆಸಿಬಿಡುತ್ತಾಳೆ. ಅಂಗಿ ಬಿಗಿಯಾಯಿತು ಎಂದು ಜಗಳಕ್ಕೆ ಬಂದ ಗಿರಾಕಿಗೂ ತಾಳ್ಮೆಯ ಮೇಲೊಂದು ವಾಕ್ಯ ಸಿಗುತ್ತಿತ್ತು.

ಬಸ್ ಓಡಿಸುತ್ತಿದ್ದ ನನ್ನ ಗಂಡನೊಬ್ಬನೇ ಅವಳನ್ನು ರೇಗಿಸುತ್ತಿದ್ದ. ಹೊಟ್ಟೆ ಬಂದಂತೆಲ್ಲ ಪ್ಯಾಂಟು ಸಡಿಲ ಮಾಡಿಸಲು ತರುತ್ತಿದ್ದ.

"ಅಕ್ಕಾ, ಈ ವಾರದ ವಾಕ್ಯದಲ್ಲಿ ನನ್ನ ಸೊಂಟದ ವಿಷಯ ಏನಾದ್ರೂ ಇದೆಯಾ?"

ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟು ನಗುತ್ತಿದ್ದಳು.

ಅವನು ಒಂದು ಬೆಳಿಗ್ಗೆ ಡಿಪೋದಲ್ಲಿ ಕುಸಿದುಬಿದ್ದ. ಮತ್ತೆ ಏಳಲಿಲ್ಲ. ಮಣ್ಣು ಮಾಡುವಾಗ ಅಕ್ಕ ಕಣ್ಣಲ್ಲಿ ಒಂದು ಹನಿ ನೀರು ಹಾಕಲಿಲ್ಲ, ಬಂದವರನ್ನೆಲ್ಲ ವಾಕ್ಯ ಹೇಳಿ ಸಮಾಧಾನ ಮಾಡುತ್ತಿದ್ದಳು. ಕೆಲವು ವಾರ ಕಳೆದು ನಾನು ಅಂಗಡಿಗೆ ಹೋದರೆ ಮೇಜಿನ ಮೇಲೆ ನನಗೆಂದೇ ಬರೆದಿಟ್ಟಿದ್ದಳು: ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ.

ಎಲ್ಲವೂ ಅಂತೆ! ಒದ್ದೆ ಬಟ್ಟೆ ತಂದು ಒರೆಸಿ ಹಾಕಿದೆ.

"ನಿನ್ನ ದೇವರ ಮೇಲೆ ನನಗೆ ಸಿಟ್ಟಿಲ್ಲ. ನಿನ್ನ ಮೇಲಿದೆ. ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ" ಅಂದೆ.

"ನಿನ್ನ ಒಳ್ಳೇದಕ್ಕೇ ಕಣೇ ಬರೆದಿದ್ದು..." ಅಂದಳು. ನಾನು ಬಾಗಿಲು ಬಡಿದು ಬಂದೆ. ಬೇರೆ ಕಡೆ ಹೊಲಿಗೆ ಕೆಲಸವನ್ನೂ ಗೊತ್ತು ಮಾಡಿಕೊಂಡೆ. ನನಗಿದ್ದವಳು ಅವಳೊಬ್ಬಳೇ, ಅವಳೂ ಹೋಗಲಿ ಅನ್ನಿಸುವಷ್ಟು ಕೋಪ.

ಆಮೇಲೊಂದು ಭಾನುವಾರ ಚರ್ಚಿನ ಸಭೆಯಲ್ಲಿ ಬೈಬಲ್ ಓದುವ ಸರದಿ ಅವಳದಂತೆ. ಅಳುವವರ ಸಂಗಡ ಅಳಿರಿ ಎಂಬಲ್ಲಿಗೆ ಬಂದು ಓದು ನಿಲ್ಲಿಸಿಬಿಟ್ಟಳಂತೆ. ಯಾವ ಕಾಲದಲ್ಲೋ ಮೇಜಿನ ಮೇಲೆ ಬರೆದು, ಕಲಿತು, ಒರೆಸಿದ್ದ ವಾಕ್ಯ ಅದು. ಪಾದ್ರಿಗಳು ಕೆಮ್ಮಿದರಂತೆ. ಇವಳು ಪುಸ್ತಕ ಮುಚ್ಚಿ ನಡುವೆಯೇ ಹೊರಟಳಂತೆ.

ನನ್ನ ಬಾಗಿಲಲ್ಲಿ ಬಂದು ನಿಂತಳು, ಕಂಕುಳಲ್ಲಿ ಒಂದು ಪೊಟ್ಟಣ.

"ಇವತ್ತು ಯಾವ ವಾಕ್ಯ ತಂದೆ?" ಎಂದು ಹರಿಹಾಯ್ದೆ.

ಅವಳು ನೆಲದ ಮೇಲೆ ಕೂತು ಪೊಟ್ಟಣ ಬಿಚ್ಚಿದಳು. ನನ್ನ ಗಂಡ ಕೊನೆಯ ಸಲ ಸಡಿಲ ಮಾಡಲು ಕೊಟ್ಟಿದ್ದ ಖಾಕಿ ಪ್ಯಾಂಟು. ಸೊಂಟದ ಹೊಲಿಗೆ ಬಿಚ್ಚಿತ್ತು, ಹೊಸ ಅಳತೆಯ ಸುಣ್ಣದ ಗೆರೆ ಹಾಗೇ ಇತ್ತು.

"ಹೊಲಿಯೋಕೆ ಆಗ್ತಿಲ್ಲ ಕಣೇ" ಅಂದಳು. "ದಿನಾ ಕೈಗೆ ತಗೋತೀನಿ, ಆಗ್ತಿಲ್ಲ."

ಆಮೇಲೆ ಬಾಯಿಬಿಟ್ಟು ಅತ್ತಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

"ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಅಳುನ?" ಎಂದು ಅವಳ ಭುಜಕ್ಕೆ ಗುದ್ದಿದೆ. ಗುದ್ದುತ್ತ ಗುದ್ದುತ್ತ ನಾನೂ ಪಕ್ಕದಲ್ಲಿ ಕೂತು ಅತ್ತೆ.

ಕೋಪ ಇನ್ನೂ ಪೂರ್ತಿ ಇಳಿದಿಲ್ಲ. ಆದರೂ ಸೋಮವಾರ ಅವಳ ಅಂಗಡಿಗೇ ಹೋದೆ. ಮೇಜಿನ ಮೂಲೆ ಖಾಲಿಯಿತ್ತು. ಅಕ್ಕ ನನ್ನ ಮಿಷನ್ನಿಗೆ ದಾರ ಪೋಣಿಸಿಕೊಟ್ಟಳು.