ಆಯಿಲ್ ಬಾಯಿಗೆ ಕಿವಿಯಿಟ್ಟ ಮೇಸ್ತ್ರಿ

ಗ್ಯಾರೇಜಿಗೆ ಬರುವವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಿವಿ ಮೇಸ್ತ್ರಿ ಅಂತ. ಕಿವಿಯೇನೂ ದೊಡ್ಡದಲ್ಲ, ಎಲ್ಲರಿಗೂ ಇರುವಷ್ಟೇ ಇತ್ತು. ಆದರೆ ಅವನ ಅಹಂಕಾರವೆಲ್ಲ ಅಲ್ಲೇ ಬೀಡುಬಿಟ್ಟಿತ್ತು. ಬೇರೆಯವರು ಸ್ಪ್ಯಾನರ್ ಹಿಡಿದು, ಬೆವರು ಸುರಿಸಿ ಹುಡುಕುವ ರೋಗವನ್ನು ಇವನು ಬಾಗಿಲಲ್ಲಿ ಕೂತು ಟೀ ಹೀರುತ್ತಲೇ ಹೇಳಿಬಿಡುತ್ತಿದ್ದ. "ವಾಲ್ವ್ ಲೂಸಾಗಿದೆ. ಒಳಗ್ ತಗೊಂಬಾ." ಹೇಳಿದ್ದು ಸರಿಯಾಗಿಯೂ ಇರುತ್ತಿತ್ತು, ಅದೇ ಕರ್ಮ! ನಾಲ್ಕು ಸಲ ತಪ್ಪಾಗಿದ್ದರೆ ಮನುಷ್ಯನ ಕಾಲು ನೆಲದ ಮೇಲಿರುತ್ತಿತ್ತು.

ಇಂಥ ಕಿವಿಯನ್ನು ನಂಬಿ ಅವನ ಭಾಮೈದ ಒಂದು ಹಳೇ ಕಾರು ಕೊಂಡ. ಭಾಮೈದನದು ಫೋಟೋ ಸ್ಟುಡಿಯೋ. ಮದುವೆ ಜೋಡಿಗಳನ್ನು ಹಳೇ ಕಾರಿನಲ್ಲಿ ಕೂರಿಸಿ ಫೋಟೋ ತೆಗೆಯಬೇಕು ಅನ್ನುವ ಹುಳ ಅವನ ತಲೆಗೆ ಹೊಕ್ಕಿತ್ತು. ಕಾರೋ, ಇಂಜಿನ್ ಹಿಂದುಗಡೆ ಇರುವಂಥದ್ದು. ರೇಡಿಯೇಟರ್ ಇಲ್ಲ, ನೀರಿಲ್ಲ, ಬರೀ ಫ್ಯಾನಿನ ಗಾಳಿಯಲ್ಲಿ ತಣ್ಣಗಾಗುವ ಜಾತಿ. ಕೊಳ್ಳುವ ದಿನ ಮೇಸ್ತ್ರಿ ತಲೆ ವಾಲಿಸಿ ಒಂದು ಗಳಿಗೆ ಕೇಳಿ, "ಕಣ್ಮುಚ್ಕೊಂಡ್ ತಗೋ, ಬಂಗಾರ" ಅಂದಿದ್ದ.

ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಬಂಗಾರದ ಬಣ್ಣ ಬಯಲಾಯಿತು. ಹಿಂದಿನಿಂದ ನೀಲಿ ಹೊಗೆ, ನಿಲ್ಲಿಸಿದಲ್ಲೆಲ್ಲ ಆಯಿಲ್ ಕಲೆ, ಒಳಗೆ ಕೂತರೆ ಸುಟ್ಟೆಣ್ಣೆಯ ವಾಸನೆ. ಒಬ್ಬ ಮದುಮಗಳಂತೂ ಕೆಮ್ಮಿ ಕೆಮ್ಮಿ ಕಾಡಿಗೆಯೆಲ್ಲ ಕರಗಿ, ಫೋಟೋದಲ್ಲಿ ಬಲವಂತದ ಮದುವೆಗೆ ಹೊರಟವಳ ಥರ ಬಂದಿದ್ದಳು.

"ಭಾವ, ನಿಮ್ ಬಂಗಾರ ತಂದಿದೀನಿ. ಅದಕ್ಕೆ ನಿಮ್ಮನ್ನ ನೋಡ್ಬೇಕಂತೆ" ಅಂತ ಭಾಮೈದ ಕಾರನ್ನು ತಂದು ಗ್ಯಾರೇಜಿನ ನಡುವೆ ನಿಲ್ಲಿಸಿದ.

"ಬ್ರೀದರ್ ಕಟ್ಕೊಂಡಿರುತ್ತೆ ಬಿಡು" ಅಂದ ಮೇಸ್ತ್ರಿ. ಇಂಜಿನ್ನಿನ ಹೊಟ್ಟೆಯಲ್ಲಿ ಆಯಿಲ್ ಇರುತ್ತದಲ್ಲ, ಆ ಹೊಟ್ಟೆಗೆ ಉಸಿರಾಡಲು ಒಂದು ಪೈಪು. ಅದು ಕಟ್ಟಿಕೊಂಡರೆ ಒಳಗಿನ ಒತ್ತಡ ಸಿಕ್ಕ ಸಿಕ್ಕ ಸಂದಿಯಿಂದ ಆಯಿಲನ್ನು ಹೊರಗೆ ತಳ್ಳುತ್ತದೆ. ಪೈಪು ಬಿಚ್ಚಿ ನೋಡಿದರೆ ಜಿಡ್ಡು ಇತ್ತು, ನಿಜ. ತೊಳೆದು ಹಾಕಿ, ಸ್ಟಾರ್ಟ್ ಮಾಡಿ, ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದ. ಬುಸ್ ಬುಸ್ ಅಂತ ಹೊಗೆ ಮುಖಕ್ಕೇ ಬಂತು.

"ಉಸಿರಾಟ ಜೋರಾಗೇ ಇದೆ ಭಾವ" ಅಂದ ಭಾಮೈದ. ಇಂಥ ಕುಟುಕು ಮಾತನ್ನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮೇಸ್ತ್ರಿಗೆ ಒಳಗೊಳಗೇ ಕಸಿವಿಸಿ. ಉರಿದ ಗ್ಯಾಸು ಪಿಸ್ಟನ್ ದಾಟಿ ಹೊಟ್ಟೆಗೆ ಇಳಿಯುತ್ತಿದೆ ಅಂದರೆ ಪಿಸ್ಟನ್ನಿನ ಸುತ್ತ ಬಿಗಿಯಾಗಿ ಕೂರುವ ರಿಂಗುಗಳು ಸವೆದಿವೆ. ಆ ರಿಂಗುಗಳು ಒಂದು ಸೀಸನ್ನಿನಲ್ಲಿ ಸವೆಯುವಂಥವಲ್ಲ, ಕೊಳ್ಳುವ ದಿನವೇ ಸವೆದಿರಬೇಕು. ಹಾಗಾದರೆ ಆವತ್ತು ಈ ಕಿವಿ ಏನು ಕಡಿದು ಕಟ್ಟೆ ಹಾಕಿತ್ತು? ಇದು ಊರಿಗೆ ಗೊತ್ತಾದರೆ ಬಾಗಿಲಲ್ಲಿ ಕೂತು ಟೀ ಕುಡಿಯುವವನ ಗತಿಯೇನು?

"ರಿಂಗ್ ಏನೂ ಆಗಿಲ್ಲ. ತೋರಿಸ್ತೀನಿ ನೋಡು" ಅಂದು ಪ್ಲಗ್ ಬಿಚ್ಚಿ, ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿಗೆ ಕಂಪ್ರೆಸರಿನ ಗಾಳಿ ಬಿಟ್ಟ. ಲೆಕ್ಕ ಸುಲಭ. ಸೈಲೆನ್ಸರಿನಲ್ಲಿ ಅಥವಾ ಕಾರ್ಬ್ಯುರೇಟರಿನಲ್ಲಿ ಗಾಳಿ ಸೋರುವ ಸದ್ದು ಬಂದರೆ ವಾಲ್ವ್ ಕೆಟ್ಟಿದೆ. ಆಯಿಲ್ ಬಾಯಲ್ಲಿ ಬಂದರೆ ರಿಂಗ್ ಹೋಗಿದೆ. ಗಾಳಿ ಟ್ಯಾಂಕು ತುಂಬಿದ ಮೇಲೆ, ಗದ್ದಲ ಬೇಡವೆಂದು ಕಂಪ್ರೆಸರಿನ ಮೋಟಾರ್ ಆಫ್ ಮಾಡಿ, ಆಯಿಲ್ ಬಾಯಿಗೆ ಕಿವಿಯಿಟ್ಟು ಕೂತ. ಎಲ್ಲಾ ಗಪ್‌ಚುಪ್. ಅವನ ಮುಖ ಅರಳಿತು.

"ನೋಡ್ದೆಯಾ? ಒಂಚೂರೂ ಸದ್ದಿಲ್ಲ!"

ಅಷ್ಟರಲ್ಲಿ ಗ್ಯಾರೇಜಿನ ಹಿಂದಿನ ಮನೆಯಿಂದ ಟೀ ಹಿಡಿದು ಬಂದ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರೀ ಅದು, ಹಾವು ಗೀವು ಬಂದಿದೆಯಾ? ಬುಸ್ ಅಂತಿದೆ!"

"ನಿನ್ ತಲೆ. ಎಲ್ಲಿ ಬುಸ್ ಅಂತಿದೆ?"

"ಅಯ್ಯೋ, ನಿಮ್ ಕಿವಿ ಕೆಳಗೇ ಕಣ್ರೀ."

ಅಕ್ಕ ತಮ್ಮ ಸೇರಿ ಆಟ ಆಡಿಸುತ್ತಿದ್ದಾರೆ ಅಂದುಕೊಂಡ ಮೇಸ್ತ್ರಿ ಕೈ ಕಾಣದ ಹಾಗೆ ಬೆನ್ನು ತಿರುಗಿಸಿ ಗಾಳಿಯ ವಾಲ್ವ್ ಮುಚ್ಚಿದ.

"ಈಗ ನಿಂತ್ಹೋಯ್ತು" ಅಂದಳು.

ತೆರೆದ. "ಹಾಂ, ಮತ್ತೆ ಶುರುವಾಯ್ತು."

ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಒಂದು ಸಲವೂ ಅವಳು ತಪ್ಪಲಿಲ್ಲ. ಅವನ ಕಿವಿಗೆ ಮಾತ್ರ ಮುಚ್ಚಿದರೂ ಅದೇ, ತೆರೆದರೂ ಅದೇ. ಕೊನೆಗೆ ಮುಖವನ್ನೇ ಆಯಿಲ್ ಬಾಯಿಯ ಮೇಲಿಟ್ಟ. ಗಾಳಿ ಅವನ ಮೀಸೆಯನ್ನು ಅಲುಗಾಡಿಸಿತು.

ನಗುತ್ತಿದ್ದ ಭಾಮೈದ ನಗು ನಿಲ್ಲಿಸಿದ. ಮೇಸ್ತ್ರಿ ತಲೆಯೆತ್ತಿ ಮೀಸೆ ಮುಟ್ಟಿಕೊಂಡ. ಅವನಿಗೆ ಮಾತು ಕೇಳುತ್ತದೆ, ಸುತ್ತಿಗೆ ಏಟು ಕೇಳುತ್ತದೆ, ಇಂಜಿನ್ನಿನ ಗುಡುಗುಡು ಕೇಳುತ್ತದೆ. ಸಣ್ಣ ಸದ್ದುಗಳು ಮಾತ್ರ ಯಾವಾಗಲೋ ಹೇಳದೆ ಕೇಳದೆ ಎದ್ದು ಹೋಗಿದ್ದವು. ಇವನೋ, ಇಂಜಿನ್ನುಗಳೇ ಈಚೆಗೆ ಸುಧಾರಿಸಿವೆ ಅಂದುಕೊಂಡು ಮೆರೆಯುತ್ತಿದ್ದ! ಅವನಿಗೆ ಭಯವಾಯಿತು. ಸುಳ್ಳು ಹೇಳುವುದಕ್ಕೆ ದಾರಿ ಇತ್ತು. ಪ್ಲಗ್ ತಿರುಗಿಸಿ ಹಾಕಿ, ನೀನೇ ಕಾರನ್ನು ಹಾಳು ಮಾಡಿದೆ ಅಂತ ಭಾಮೈದನ ಮೇಲೆ ಹಾರಾಡಿದ್ದರೆ ಆಗಿತ್ತು.

"ಇಂಜಿನ್ ಬಿಚ್ಬೇಕು ಕಣೋ" ಅಂದ. "ನೀನು ಕೊಂಡಾಗ್ಲೇ ಹೋಗಿತ್ತು. ನಾನು ಹೇಳಿದ್ದು ತಪ್ಪು."

"ಇರ್ಲಿ ಬಿಡಿ ಭಾವ..." ಅಂದ ಭಾಮೈದ.

ಹೆಂಡತಿ ಟೀ ಲೋಟವನ್ನು ಟೂಲ್ ಬಾಕ್ಸಿನ ಮೇಲಿಟ್ಟು ಸೆರಗು ಸಿಕ್ಕಿಸಿಕೊಂಡಳು. "ಇನ್ನೆಷ್ಟ್ ತೂತಿದೆ? ಗಾಳಿ ಬಿಡಿ, ನಾನ್ ಕೇಳ್ತೀನಿ."

ಅವನು ಪೈಪನ್ನು ಮುಂದಿನ ಸಿಲಿಂಡರಿಗೆ ಹಾಕಿ ಗಾಳಿ ಬಿಟ್ಟ. ಅವಳು ಬಗ್ಗಿ, ಕೆನ್ನೆಗೆ ಮಸಿ ಹತ್ತಿದ್ದನ್ನೂ ನೋಡದೆ ಕಿವಿಯಿಟ್ಟಳು. ಅವನು ಅವಳ ಮುಖವನ್ನೇ ನೋಡುತ್ತಾ ನಿಂತ. ಇಂಜಿನ್ ಕಡೆಗೇ ಮುಖ ಮಾಡಿಕೊಂಡು ಅವಳು ಮೆಲ್ಲಗೆ ಏನೋ ಅಂದಳು. ಈಚಿನ ವರ್ಷಗಳಲ್ಲಿ ಅವಳು ಹಾಗೆ ಅಂದಾಗಲೆಲ್ಲ ಅವನು "ಹೂಂ, ಹೂಂ" ಅಂದು ತೇಲಿಸಿಬಿಡುತ್ತಿದ್ದ. ಈಗಲೂ ಹೂಂ ಬಾಯಿಯ ತನಕ ಬಂತು.

"ಕೇಳಿಸ್ಲಿಲ್ಲ ಕಣೇ" ಅಂದ. "ಇನ್ನೊಂದ್ಸಲ ಹೇಳು."